ಹೊಂಗೆ ಎಣ್ಣೆ ಸಾಬೂನಾಗದೆ ಡೀಸೆಲ್ ಆಗಬೇಕಾದ್ರೆ

"ಹಳೇ ಮಾಲು, ಆಸಿಡ್ ಜಾಸ್ತಿ" ಅಂತ ಹೊಂಗೆ ಬೀಜದ ದರ ಇಳಿಸೋದು ಬರೀ ವ್ಯಾಪಾರಿಯ ನೆಪ ಅಲ್ಲ. ಅದರ ಹಿಂದೆ ರಸಾಯನಶಾಸ್ತ್ರ ಇದೆ. ಅದು ಗೊತ್ತಿದ್ರೆ ಚೌಕಾಸಿ ಮಾಡೋಕೂ ಧೈರ್ಯ ಬರುತ್ತೆ.

ಎಣ್ಣೆ ಅಂದ್ರೆ ಒಂದು ಗ್ಲಿಸರಿನ್‌ಗೆ ಮೂರು ಕೊಬ್ಬಿನಾಮ್ಲ ಕಟ್ಟಿಕೊಂಡಿರೋ ವಸ್ತು. ಬೀಜ ಹಸಿಯಾಗಿದ್ದು ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಕೂತರೆ ಆ ಕಟ್ಟು ಬಿಚ್ಚಿ ಆಮ್ಲ ಬಿಡಿಯಾಗುತ್ತೆ. ಬಯೋಡೀಸೆಲ್ ಮಾಡುವಾಗ ಎಣ್ಣೆಗೆ ಮೆಥನಾಲ್ ಜೊತೆ ಕಾಸ್ಟಿಕ್ ಸೋಡಾ ಸೇರಿಸ್ತಾರೆ. ಸೋಡಾ ಇಲ್ಲಿ ಕ್ರಿಯಾವರ್ಧಕ, ಅಂದ್ರೆ ಕೆಲಸ ಬೇಗ ಮಾಡಿಸೋ ವಸ್ತು. ಬಿಡಿ ಆಮ್ಲ ಸಿಕ್ಕರೆ ಅದು ಡೀಸೆಲ್ ಬಿಟ್ಟು ಸಾಬೂನು ಮಾಡುತ್ತೆ. ನೂರು ಲೀಟರ್ ಎಣ್ಣೆಯಲ್ಲಿ ಹತ್ತು ಭಾಗ ಬಿಡಿ ಆಮ್ಲ ಇದ್ರೆ ಆ ಹತ್ತಂತೂ ಹೋಯ್ತು. ಸಾಬೂನಿನ ನೊರೆಯಲ್ಲಿ ಒಳ್ಳೆ ಎಣ್ಣೆಯೂ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೇ ಬಿಡಿ ಆಮ್ಲ ಶೇ. 1-2ರ ಒಳಗಿರಬೇಕು ಅನ್ನೋದು.

ಇಂಥ ಎಣ್ಣೆಗೆ ಮೊದಲು ಗಂಧಕಾಮ್ಲ ಹಾಕಿ ಬಿಡಿ ಆಮ್ಲವನ್ನೇ ಡೀಸೆಲ್ ಮಾಡಬಹುದು. ಆದರೆ ಗಂಧಕಾಮ್ಲ ಎಣ್ಣೆಯಲ್ಲೇ ಉಳಿಯುತ್ತೆ, ಪಾತ್ರೆ ತಿನ್ನುತ್ತೆ, ಆಮೇಲೆ ತೊಳೆದ ನೀರನ್ನು ಎಲ್ಲಿ ಬಿಡೋದು? ಹೊಲಕ್ಕಂತೂ ಬೇಡ.

ಇಲ್ಲೇ ಘನ ಆಮ್ಲ ಕ್ರಿಯಾವರ್ಧಕ ಬರೋದು. ಆಮ್ಲದ ಗುಣವನ್ನು ಪುಡಿ ಅಥವಾ ಕಾಳಿನ ಮೈಗೆ ಅಂಟಿಸಿರ್ತಾರೆ. ಕೆಲಸ ಮುಗಿದ ಮೇಲೆ ಚಹಾ ಸೋಸಿದ ಹಾಗೆ ಸೋಸಿ ತೆಗೆದು ಮತ್ತೆ ಬಳಸಬಹುದು. ಸಲ್ಫೇಟ್ ಸೇರಿಸಿದ ಜಿರ್ಕೋನಿಯಾ, ಆಮ್ಲ ಗುಣದ ರೆಸಿನ್ ಕಾಳುಗಳು, ಜಿಯೋಲೈಟ್ ಇವೆಲ್ಲ ಈ ಜಾತಿಯವು. ನನಗೆ ಬಹಳ ಹಿಡಿಸಿದ್ದು ಸಕ್ಕರೆಯಿಂದ ಮಾಡಿದ್ದು. 2005ರಲ್ಲಿ ಜಪಾನಿನ ವಿಜ್ಞಾನಿಗಳು ಸಕ್ಕರೆಯನ್ನು ಅರೆಬರೆ ಇದ್ದಿಲಾಗಿಸಿ, ಅದಕ್ಕೆ ಗಂಧಕಾಮ್ಲ ಹಿಡಿಸಿ ಈ ಕೆಲಸಕ್ಕೆ ಬಳಸಿ ತೋರಿಸಿದರು. ಈಗ ಕೃಷಿ ತ್ಯಾಜ್ಯದ ಇದ್ದಿಲಲ್ಲೂ ಇದೇ ಪ್ರಯೋಗ ನಡೀತಿದೆ.

ಹಾಗಂತ ಇದು ಮಂತ್ರದಂಡ ಅಲ್ಲ. ಕೆಲಸ ನಿಧಾನ, ಮೆಥನಾಲೂ ಬಿಸಿಯೂ ಹೆಚ್ಚು ಬೇಕು. ಬಿಡಿ ಆಮ್ಲ ಡೀಸೆಲ್ ಆಗುವಾಗ ನೀರು ಹುಟ್ಟುತ್ತೆ, ಆ ನೀರೇ ಕ್ರಿಯೆಗೆ ಅಡ್ಡ. ರಂಧ್ರಗಳಲ್ಲಿ ಜಿಡ್ಡು ಕಟ್ಟುತ್ತೆ, ಬಳಸಿದಷ್ಟೂ ಗಂಧಕದ ಅಂಶ ಸ್ವಲ್ಪ ಸ್ವಲ್ಪ ಕಳಚಿಹೋಗುತ್ತೆ. ಮನೆಯಲ್ಲಿ ಮಾಡಿ ನೋಡೋ ಆಸೆ ಬೇಡ. ಮೆಥನಾಲ್ ಕಣ್ಣು ಕಳೆಯೋ ವಿಷ, ಬೆಂಕಿಯೂ ಬೇಗ ಹತ್ತುತ್ತೆ. ನೋಡಬೇಕಂದ್ರೆ ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ.

ನಿಮ್ಮ ಕೈಲಿರೋದು ಬೀಜ. ಕಾಯಿಯನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ, ಒಡೆದ ಬೀಜ, ಬೂಸ್ಟು ಹಿಡಿದದ್ದು ಬೇರೆ ಮಾಡಿ, ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲಿಡಿ, ಮಳೆ ಶುರುವಾಗೋ ಮುಂಚೆ ಗಾಣಕ್ಕೆ ಹಾಕಿ. ಎಣ್ಣೆ ಮಾರುವಾಗ ಆಮ್ಲ ಸಂಖ್ಯೆ ಎಷ್ಟು ಅಂತ ಕೇಳಿ. ಅದರ ಅರ್ಧ, ಹೆಚ್ಚುಕಡಿಮೆ ಬಿಡಿ ಆಮ್ಲದ ಶೇಕಡಾವಾರು. ಸಂಖ್ಯೆ 4 ಬಂದ್ರೆ ಬಿಡಿ ಆಮ್ಲ ಶೇ. 2ರಷ್ಟು. ಅಷ್ಟಕ್ಕೇ "ಆಸಿಡ್ ಜಾಸ್ತಿ" ಅಂತ ಅರ್ಧ ದರ ಹೇಳಿದ್ರೆ ಒಪ್ಪಬೇಡಿ.