ಅಲರ್ಜಿ ಇರುವ ಅತಿಥಿಗೂ ಸಿಹಿಗುಂಬಳದ ಗಸಿ

ಇಫ್ತಾರಿಗೆ ಗೆಳೆಯರನ್ನು ಕರೆಯುವಾಗಲೇ ಕೇಳಿಕೊಳ್ಳಿ: “ತಿಂದರೆ ನಿನಗೆ ಆಗದಂಥದ್ದು ಏನಾದರೂ ಇದೆಯಾ?” ಅಲರ್ಜಿ ಹಟವಲ್ಲ, ಆಹಾರದ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಪ್ಪು ತಿಳಿಯುವುದು. ನೆಲಗಡಲೆಯನ್ನು ಹುರಿದರೂ ಬೇಯಿಸಿದರೂ ಆ ಅಪಾಯ ಹೋಗದು. “ಸ್ವಲ್ಪ ತಿನ್ನು” ಎಂಬ ಒತ್ತಾಯ ಜೀವಕ್ಕೇ ಕುತ್ತಾಗಬಹುದು.

ಗೋಡಂಬಿ, ನೆಲಗಡಲೆ, ಹಾಲು, ಗೋಧಿ ಇಲ್ಲದ ಗಸಿ ಇದು, ನಾಲ್ವರಿಗೆ ಸಾಕು. ಅರ್ಧ ಕಿಲೋ ಸಿಹಿಗುಂಬಳವನ್ನು ಉಪ್ಪು, ಅರಿಶಿನ ಹಾಕಿ ಬೇಯಿಸಿ. 1 ಕಪ್ ತೆಂಗಿನತುರಿ, ಹುರಿದ 4 ಬ್ಯಾಡಗಿ ಮೆಣಸು, 2 ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಸ್ವಲ್ಪ ಹುಣಸೆ, ನೆನೆಸಿದ 1 ಚಮಚ ಅಕ್ಕಿಯನ್ನು ನುಣ್ಣಗೆ ರುಬ್ಬಿ ಬೆರೆಸಿ, ಕುದಿಸಿ. ಗೋಡಂಬಿಯ ಬದಲು ಅಕ್ಕಿಯೇ ಗಸಿಯನ್ನು ಮಂದವಾಗಿಸುತ್ತದೆ. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ. ಇಂಗು ಬೇಡ, ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ತೆಂಗು ಆಗದವರಿದ್ದರೆ ಹುರಿದ ಈರುಳ್ಳಿ, ಟೊಮೆಟೊ ರುಬ್ಬಿ ಹಾಕಿ, ಎಣ್ಣೆಯನ್ನೂ ಬದಲಿಸಿ.

ಮಿಕ್ಸಿ ಜಾರ್, ಸೌಟುಗಳನ್ನು ಮೊದಲೇ ಸೋಪಿನಿಂದ ತೊಳೆಯಿರಿ. ಪೊಟ್ಟಣದ ಮಸಾಲೆಯಾದರೆ ಲೇಬಲ್ ಓದಿ. ಊಟದ ಬಳಿಕ ಯಾರದಾದರೂ ತುಟಿ ಊದಿದರೆ, ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಅತಿಥಿಯನ್ನು ಆದರಿಸುವುದು ನಮ್ಮ ದೀನ್ ಕಲಿಸಿದ ಪಾಠ. ಅಡುಗೆಗೆ ಮುನ್ನ ಕೇಳುವ ಆ ಒಂದು ಪ್ರಶ್ನೆಯೂ ಆದರವೇ.