ಓರೆಯೋಟದ ಗಣಿತ

1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು ಹೊರತಂದ ‘ಡೂಮ್’ ಎಂಬ ಗಣಕಯಂತ್ರದ ಆಟದಲ್ಲಿ, ಆಟಗಾರನು ಬಂದೂಕು ಹಿಡಿದ ಯೋಧನ ಕಣ್ಣಿನಿಂದಲೇ ಸುತ್ತಣ ದೃಶ್ಯವನ್ನು ಕಾಣುತ್ತಾನೆ. 2024ರಲ್ಲಿ ಅದರ ನವೀಕೃತ ಆವೃತ್ತಿಯೊಂದು ಬಂದಿತು. ಇಂತಹ ಆಟವನ್ನು ಅತ್ಯಲ್ಪ ಕಾಲದಲ್ಲಿ ಮುಗಿಸುವ ಸ್ಪರ್ಧೆಗೆ ‘ಸ್ಪೀಡ್‌ರನ್’ ಎಂದು ಹೆಸರು. ಸ್ಪರ್ಧಿಗಳು ಇದರಲ್ಲಿ ನೇರವಾಗಿ ಓಡದೆ ಓರೆಯಾಗಿ ಓಡುವರು. ಕಾರಣವೇನು?

ಈ ಆಟದಲ್ಲಿ ಮುಂದಕ್ಕೆ ಓಡುವ ವೇಗ 50 ಮಾನವಾದರೆ, ಪಕ್ಕಕ್ಕೆ ಸರಿಯುವ ವೇಗ 40 ಮಾನ. ಎರಡು ಕೀಲಿಗಳನ್ನೂ ಒಮ್ಮೆಗೇ ಒತ್ತಿದಾಗ ಇವು ಲಂಬಕೋನ ತ್ರಿಭುಜದ ಎರಡು ಭುಜಗಳಾಗುತ್ತವೆ. ಪೈಥಾಗೊರಸನ ಪ್ರಮೇಯದಂತೆ 2500 ಮತ್ತು 1600ರ ಮೊತ್ತ 4100. ಅದರ ವರ್ಗಮೂಲ ಸುಮಾರು 64. ದೃಷ್ಟಿಯನ್ನು ಗುರಿಯಿಂದ 39 ಡಿಗ್ರಿಯಷ್ಟು ಪಕ್ಕಕ್ಕೆ ತಿರುಗಿಸಿಕೊಂಡರೆ ಈ ಕರ್ಣವೇ ಗುರಿಯತ್ತ ಒಯ್ಯುತ್ತದೆ. ನೇರ ಓಟಕ್ಕೆ 64 ಸೆಕೆಂಡು ಹಿಡಿಯುವ ದೂರಕ್ಕೆ ಆಗ 50 ಸೆಕೆಂಡು ಸಾಕು. ಎರಡೂ ಕೂಡಿದಾಗಿನ ವೇಗಕ್ಕೆ ಆಟವು ಮಿತಿ ಹಾಕದಿರುವುದರಿಂದಲೇ ಇದು ಸಾಧ್ಯ.

ಹಳೆಯ ಆಟವನ್ನು ನವೀಕರಿಸುವವರು ಇಂತಹ ಲೋಪವನ್ನು ತಿದ್ದಬೇಕೆ? ತಿದ್ದಿದರೆ, ಹಿಂದಿನವರ ಓಟದೊಡನೆ ಇಂದಿನವರ ಓಟವನ್ನು ಹೋಲಿಸುವ ಆಧಾರವೇ ಇಲ್ಲವಾಗುತ್ತದೆ. ಅಳತೆಗೋಲು ಬದಲಾದ ಬಳಿಕ ಅಳತೆಗಳನ್ನು ಹೋಲಿಸಲಾಗದೆಂಬುದು ಪ್ರಯೋಗಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ನಿಯಮವಷ್ಟೆ.