ಬೆಂಡು ಸಾಲದು, ಸಿಬಿರೂ ಬೇಕು

ಪ್ರಶ್ನೆ: ಥರ್ಮೋಕೋಲ್‌ನಲ್ಲಿ ಮಾಡಿದ ನನ್ನ ರಿಮೋಟ್ ವಿಮಾನ ವೇಗದಲ್ಲಿ ತಿರುಗಿಸಿದರೆ, ಕೆಲವೊಮ್ಮೆ ಇಳಿಸುವಾಗಲೂ, ರೆಕ್ಕೆಯ ಹಿಂದುಗಡೆಯೇ ಮುರಿಯುತ್ತದೆ. ಪ್ಲೈವುಡ್ ಪಟ್ಟಿ ಅಂಟಿಸಿದರೆ ಗಟ್ಟಿಯಾಗುತ್ತದೆ, ಆದರೆ ಮೇಲೇಳಲು ಹೆಣಗುತ್ತದೆ. ರೇಸಿನ ವಿಮಾನಗಳ ಒಡಲು ಅಷ್ಟು ಹಗುರಾಗಿದ್ದೂ ಹೇಗೆ ತಡೆದುಕೊಳ್ಳುತ್ತದೆ?
– ಓದುಗರೊಬ್ಬರು, ಹುಲಗೂರು

ಉತ್ತರ: ನಿಮ್ಮೂರಿನ ಹೊಲದಲ್ಲಿ ಜೋಳದ ದಂಟು ಆಳೆತ್ತರ ಬೆಳೆದು, ತುದಿಯಲ್ಲಿ ತೆನೆ ಹೊತ್ತು, ಗಾಳಿಗೆ ಬಾಗಿ ಮತ್ತೆ ಎದ್ದು ನಿಲ್ಲುತ್ತದಲ್ಲ, ಅದನ್ನು ಸೀಳಿ ನೋಡಿ. ಒಳಗೆ ಬರೀ ಬೆಂಡು, ಬಲವೆಲ್ಲ ಹೊರಗಿನ ತೆಳು ಸಿಬಿರಿನಲ್ಲಿ. ದಂಟಿನ ಬಂಡಿ ಮಾಡಿ ಆಡಿದವರಿಗೆ ಇದು ಗೊತ್ತು. ನಿಮ್ಮ ವಿಮಾನದಲ್ಲಿ ಬೆಂಡು ಇದೆ, ಸಿಬಿರು ಇಲ್ಲ.

ಯಾವುದೇ ಕೋಲು ಬಾಗುವಾಗ ಒಂದು ಬದಿ ಹಿಗ್ಗುತ್ತದೆ, ಎದುರು ಬದಿ ಕುಗ್ಗುತ್ತದೆ. ನಟ್ಟನಡುವಿನ ಭಾಗಕ್ಕೆ ಹೆಚ್ಚು ಕೆಲಸವಿಲ್ಲ. ಅಲ್ಲಿ ತುಂಬಿದ ಮರ ಸುಮ್ಮನೆ ಹೊರೆ. ರೇಸಿನಲ್ಲಿ ಈ ಹೊರೆ ಎಷ್ಟಾಗುತ್ತದೆ ನೋಡಿ. ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ವೇಗದಲ್ಲಿ 15 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಪ್ರತಿಯೊಂದು ಭಾಗವೂ ತನ್ನ ತೂಕದ 17 ಪಟ್ಟು ಭಾರವಾಗಿ ಎಳೆಯುತ್ತದೆ. 60 ಗ್ರಾಂನ ಬಾಲ ಒಂದು ಕಿಲೋ ಆಗಿ ರೆಕ್ಕೆಯ ಹಿಂಬದಿಯನ್ನು ಸನ್ನೆಕೋಲಿನಂತೆ ಮೀಟುತ್ತದೆ. ಮುರಿಯುವುದು ಅಲ್ಲೇ ಯಾಕೆ ಎಂಬುದಕ್ಕೆ ಉತ್ತರ ಇದೇ. ಬಾಲಕ್ಕೆ ಪ್ಲೈವುಡ್ ಹಚ್ಚಿದರೆ ಪೆಟ್ಟು ಎರಡು ಕಡೆಯಿಂದ: ಎಳೆತವೂ ಹೆಚ್ಚು, ಸಮತೋಲಕ್ಕೆ ಮೂಗಿನಲ್ಲಿ ಅದರ ಎರಡು-ಮೂರು ಪಟ್ಟು ಸೀಸವೂ ಬೇಕು.

ರೇಸಿನ ವಿಮಾನಗಳಿಗೆ ಈ ಸಿಬಿರು ಗಾಜಿನ ಎಳೆ ಮತ್ತು ರಾಳದಿಂದ ಬರುತ್ತದೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಎರಡು ಸೀಟಿನ ‘ಹಂಸ’ ವಿಮಾನದ ಒಡಲೂ ಗಾಜಿನ ಎಳೆ ಮತ್ತು ರಾಳದ್ದೇ. ಆ ವಿದ್ಯೆಯನ್ನು ಮನೆಯಂಗಳಕ್ಕೆ ತಕ್ಕಷ್ಟು ತರಬಹುದು.

ಥರ್ಮೋಕೋಲನ್ನು, ಸಿಕ್ಕರೆ ಅದೇ ಜಾತಿಯ ಗಟ್ಟಿ ಫೋಮನ್ನು, ಒಡಲಿನ ಆಕಾರಕ್ಕೆ ಕೆತ್ತಿ ಉಜ್ಜಿ. ಅದರ ಮೇಲೆ ತೆಳು ಗಾಜಿನ ಬಟ್ಟೆ ಸುತ್ತಿ ಎಪಾಕ್ಸಿ ರಾಳ ಹಚ್ಚಿ. ಬಂಪರು, ನೀರಿನ ಟ್ಯಾಂಕು ಮಾಡುವವರು ಬಳಸುವ ಅಗ್ಗದ ಪಾಲಿಯೆಸ್ಟರ್ ರಾಳ ಮಾತ್ರ ಬೇಡ. ಅದು ಥರ್ಮೋಕೋಲನ್ನೇ ತಿಂದುಹಾಕುತ್ತದೆ, ಕೆತ್ತಿದ್ದೆಲ್ಲ ಕಣ್ಣೆದುರೇ ಕುಸಿಯುತ್ತದೆ. ಒಂದು ಪದರದ ಎಳೆಗಳು ಮೂಗಿನಿಂದ ಬಾಲದುದ್ದಕ್ಕೆ ಇರಲಿ, ಅದು ಬಾಗುವುದನ್ನು ತಡೆಯುತ್ತದೆ. ಇನ್ನೊಂದನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಸುತ್ತಿ, ಅದು ತಿರುಚುವುದನ್ನು ತಡೆಯುತ್ತದೆ. ಬಹಳ ಜನ ಈ ಓರೆ ಪದರ ಬಿಟ್ಟು, ಬಾಲ ನಡುಗುತ್ತದೆ ಎಂದು ಮೋಟಾರನ್ನು ಬೈಯುತ್ತಾರೆ.

ನಿಜವಾದ ಕಳ್ಳ ರಾಳ. 80 ಸೆಂ.ಮೀ. ಉದ್ದ, ಸರಾಸರಿ 25 ಸೆಂ.ಮೀ. ಸುತ್ತಳತೆಯ ಒಡಲಿಗೆ ಚದರ ಮೀಟರಿಗೆ 80 ಗ್ರಾಂ ತೂಗುವ ಬಟ್ಟೆ ಎರಡು ಪದರ ಹಾಕಿದರೆ ಬಟ್ಟೆಯ ತೂಕ 32 ಗ್ರಾಂ. ರಾಳವೂ ಅಷ್ಟೇ ಇದ್ದರೆ ಒಟ್ಟು 64. ಕೈ ಸಡಿಲಾಗಿ ಇಮ್ಮಡಿ ಸುರಿದರೆ 96, ಬಲ ಮಾತ್ರ ಹೆಚ್ಚಾಗುವುದಿಲ್ಲ, ಏಕೆಂದರೆ ಎಳೆತ ತಡೆಯುವುದು ಎಳೆ, ರಾಳವಲ್ಲ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಹೆಚ್ಚಿನ ರಾಳವನ್ನು ಗೋರಿ ತೆಗೆಯಿರಿ. ಬಟ್ಟೆಯ ನೇಯ್ಗೆ ಕಾಣುತ್ತಿರಬೇಕು, ಮೇಲ್ಮೈ ಮಿಂಚಬಾರದು.

ಪೂರ್ತಿ ಒಣಗಿದ ಮೇಲೆ ಒಳಗೆ ಅಸಿಟೋನ್ ಹಾಕಿ ಫೋಮ್ ಕರಗಿಸಿದರೆ ಟೊಳ್ಳು ಕೊಳವೆ ಉಳಿಯುತ್ತದೆ. ಬಯಲಲ್ಲಿ, ಬೆಂಕಿಯಿಂದ ದೂರದಲ್ಲಿ, ಕೈಗವಸು ಹಾಕಿ ಮಾಡಿ. ಗಾಜಿನ ಎಳೆ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲೇಬೇಕು. ಬ್ಯಾಟರಿಯ ಬಾಗಿಲನ್ನು ಆದಷ್ಟು ಚಿಕ್ಕದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಸೀಳಿದ ದಂಟು ಕೈಯಲ್ಲೇ ತಿರುಚಿಕೊಳ್ಳುತ್ತದಲ್ಲ, ಬಾಗಿಲು ಕತ್ತರಿಸಿದ ಒಡಲೂ ಹಾಗೆಯೇ. ಪ್ಲೈವುಡ್ ಬೇಕಾದದ್ದು ಎರಡೇ ಕಡೆ, ಮೋಟಾರಿನ ಹಿಂದೆ ಮತ್ತು ರೆಕ್ಕೆಯ ಬೋಲ್ಟು ಕೂರುವಲ್ಲಿ. ಅದರ ಅಂಚನ್ನೂ ಇಳಿಜಾರಾಗಿ ಉಜ್ಜಿ, ಗಟ್ಟಿ ಹಲಗೆ ಒಮ್ಮೆಲೇ ಮುಗಿಯುವ ಕಡೆಯೇ ತೆಳು ಸಿಪ್ಪೆ ಸೀಳುವುದು.

ಮುಂದೆ ಕಾರ್ಬನ್ ಎಳೆ ಬಳಸುವ ಆಸೆಯಾದರೆ ರಿಸೀವರಿನ ಆಂಟೆನಾ ಹೊರಗಿರಲಿ. ಕಾರ್ಬನ್ 2.4 ಗಿಗಾಹರ್ಟ್ಸ್ ಅಲೆಗಳನ್ನು ತಡೆಯುತ್ತದೆ. ಗಾಜಿನ ಒಡಲಿಗೆ ಈ ಕಾಟವಿಲ್ಲ. ಮೊದಲ ಹಾರಾಟಕ್ಕೆ ಜೋಳ ಕೊಯ್ದ ಹೊಲವೇ ಸಾಕು, ಆದರೆ ಇಳಿಸುವ ಜಾಗದ ಕೂಳೆ ಮೊದಲೇ ಕಿತ್ತಿರಲಿ. ಅಷ್ಟು ತೆಳುವಾದ ಹೊಟ್ಟೆಯನ್ನು ಅದು ಚಾಕುವಿನ ಹಾಗೆ ಸೀಳುತ್ತದೆ.